ಪಾಲು ಕೊಡುವ ದೇವರು



ರಷ್ಯಾ, ಕ್ರೊಯೇಷಿಯಾ ಮೊದಲಾದ ಸ್ಲಾವ್ ನಾಡುಗಳ ಜನರು ದೇವರನ್ನು 'ಬೊಗ್' ಎನ್ನುತ್ತಾರೆ. ಚೆಕ್ ಭಾಷೆಯಲ್ಲಿ ಅದು 'ಬೂಹ್'. ಈ ಪದ ನಮಗೆ ದೂರದ್ದಲ್ಲ. ಸಂಸ್ಕೃತದ 'ಭಗ' ಇದರ ಬಂಧು ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ನಾವು ದಿನವೂ ಆಡುವ ಭಾಗ, ಭಾಗ್ಯ, ಭಗವಂತ ಎಂಬ ಮಾತುಗಳೂ ಅದೇ ಬಳ್ಳಿಯವು. ಪಾಲು, ಪಾಲು ಕೊಡುವವನು ಎಂಬುದೇ ಮೂಲ ಅರ್ಥ.

863ರ ಸುಮಾರಿಗೆ ಸಂತ ಸಿರಿಲ್ ಹಾಗೂ ಸಂತ ಮೆಥೋಡಿಯಸ್ ಸಹೋದರರು ಮೊರಾವಿಯಾಕ್ಕೆ ಹೋದರು. ಶುಭಸಂದೇಶವನ್ನು ಸ್ಲಾವ್ ಭಾಷೆಗೆ ತಂದಾಗ, ಜನರ ಬಾಯಲ್ಲಿದ್ದ ಈ ಪದವನ್ನೇ ಅವರು ಬಳಸಿದರು.

ಇದೇ ಬೇರಿನಿಂದ ಬಂದ 'ಬೊಗಾತಿ' ಎಂದರೆ ರಷ್ಯನ್ ಭಾಷೆಯಲ್ಲಿ ಶ್ರೀಮಂತ. ಪೋಲಿಷ್ ಭಾಷೆಯ 'ಉಬೊಗಿ' ಎಂದರೆ ಬಡವ, ಅಂದರೆ ಪಾಲಿಲ್ಲದವನು. ಪ್ರಭು ಯೇಸು ಬೆಟ್ಟದ ಮೇಲೆ ಧನ್ಯರೆಂದು ಕರೆದ ಬಡವರಿಗೆ ಪೋಲಿಷ್ ಬೈಬಲಿನಲ್ಲಿರುವುದು ಇದೇ ಪದ.

ದೇವರೇ ಪಾಲು ಕೊಡುವಾತನಾದರೆ, ಪಾಲಿಲ್ಲದವನು ಎಲ್ಲಿಂದ ಬಂದ? ದೇವರು ಅವನನ್ನು ಮರೆತರೇ? ಇಲ್ಲ. ಅವನ ಪಾಲು ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಆಸ್ತಿ ಭಾಗವಾದಾಗ ವಿಧವೆ ಅಕ್ಕನ ಹೆಸರನ್ನು ಬಿಟ್ಟವರು ನಮ್ಮಲ್ಲಿಲ್ಲವೇ? ಭಾನುವಾರ ಪರಮಪ್ರಸಾದದಲ್ಲಿ ಪಾಲ್ಗೊಂಡು, ಸೋಮವಾರ ತಮ್ಮನ ಮೇಲೆ ದಾವೆ ಹೂಡಿದವರಿಲ್ಲವೇ?

ಪೋಲೆಂಡಿನ ಕುಟುಂಬಗಳಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ಒಂದು ತಟ್ಟೆ ಹೆಚ್ಚಾಗಿ ಇಡುವ ವಾಡಿಕೆಯಿದೆ. ಅದು ಕರೆಯದೆ ಬರುವ ಅತಿಥಿಯ ಪಾಲು.

ನಿಮ್ಮ ಮನೆಯಲ್ಲಿ ಯಾರ ಪಾಲು ಉಳಿದಿದೆ? ಈ ವಾರ ಅದನ್ನು ಕೊಟ್ಟು, ಹಗುರವಾದ ಮನಸ್ಸಿನಿಂದ ಬಲಿಪೂಜೆಗೆ ಬನ್ನಿ.