ಲಾಯದ ಋಣ

ನಮ್ಮ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಏಳಿಗೆಯಲ್ಲಿ ಕುದುರೆಯ ದಂಡಿನ ಪಾಲು ಅಲ್ಪವಾದುದಲ್ಲ. ಮುಂದೆ ಕುದುರೆಯು ಜಟಕಾವನ್ನೆಳೆಯಿತು. ಆಟೋರಿಕ್ಷಾ ಬಂದ ಮೇಲೆ ಆ ಕೆಲಸವೂ ತಪ್ಪಿತು. ಈಗ ಬೆಂಗಳೂರಿನ ಹೊರವಲಯದಲ್ಲಿ ಸವಾರಿಯ ಶಾಲೆಗಳೂ ಲಾಯಗಳುಳ್ಳ ತೋಟದ ಮನೆಗಳೂ ಕಾಣಬರುತ್ತಿವೆ. ವಿನೋದಕ್ಕಾಗಿ ಸಾಕಿದ ಪ್ರಾಣಿಗೆ ನಾವು ಸಲ್ಲಿಸಬೇಕಾದುದೇನು?

ಜಟಕಾದವನು ಮುದಿಕುದುರೆಯನ್ನು ಬೀದಿಗೆ ಬಿಟ್ಟರೆ ಅವನ ಹಸಿದ ಹೊಟ್ಟೆಯಾದರೂ ಅವನ ಪರವಾಗಿ ಸಾಕ್ಷಿ ನುಡಿದೀತು. ಸುಖಕ್ಕಾಗಿ ಕೊಂಡವನಿಗೆ ಅಂತಹ ಸಾಕ್ಷಿಯಿಲ್ಲ. ಕುದುರೆಯ ಆಯುಸ್ಸು ಸುಮಾರು 25ರಿಂದ 30 ವರ್ಷ. ಸವಾರಿಗೆ ಒದಗುವುದು ಸಾಮಾನ್ಯವಾಗಿ 20ರವರೆಗೆ. ಉಳಿದ ವರ್ಷಗಳ ಹುಲ್ಲು ಹುರುಳಿಗಳ ಹೊಣೆ ಯಾರದು? 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಉಪವಾಸ ಕೆಡಹುವುದನ್ನು ಅಪರಾಧವೆಂದು ಎಣಿಸುವುದು, ನಿಜ. ಆದರೆ ಕುದುರೆಯು ಹಿಂಡಿನ ಜೀವ, ದಿನದ ಬಹುಭಾಗ ಮೇಯುತ್ತಿರಬೇಕಾದುದು. ಒಂಟಿಯಾಗಿ ಕಟ್ಟಿಹಾಕಿದರೆ ಗೋದಲಿಯ ಮರವನ್ನು ಕಡಿಯುತ್ತ, ಅತ್ತಿತ್ತ ತೂಗುತ್ತ ನಿಲ್ಲುವುದುಂಟು. ಹೊಟ್ಟೆ ತುಂಬಿದ ಈ ದುಃಖವನ್ನು ಯಾವ ಅಧಿಕಾರಿಯು ಬಂದು ಅಳೆದಾನು?

ಹಾಗಾದರೆ ಕುದುರೆಯನ್ನು ಯಾರೂ ಸಾಕಲೇಬಾರದೇ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಸಾಕಲಿ. ಲಾಯದೊಡನೆ ಬಯಲನ್ನೂ, ಮೊದಲನೆಯದರೊಡನೆ ಎರಡನೆಯ ಕುದುರೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಮಾಲೂರಿನ ಕಡೆ ಎಕರೆಯ ಬೆಲೆಯನ್ನು ವಿಚಾರಿಸಿ ಬಂದವರಿಗೆ ಈ ಲೆಕ್ಕವು ಹಗುರವಾಗಿ ತೋರಲಾರದು.