ಆಂಗ್ಲ ಗಾದೆಯ ಅರ್ಥ

ಆಂಗ್ಲ ಗಾದೆಯೊಂದಕ್ಕೆ ಸಮಾನವಾದ ಕನ್ನಡ ಗಾದೆಯನ್ನು ಪಕ್ಕದಲ್ಲಿ ಬರೆಯಿಸಿದರೆ ವಿದ್ಯಾರ್ಥಿಗೆ ಅರ್ಥವಾದಂತೆಯೇ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ರೂಢಮೂಲವಾಗಿದೆ. ಕೆಲವು ಗಾದೆಗಳಲ್ಲಿ ಇದು ಸರಿಯೇ. ‘ಮೇಕ್ ಹೇ ವೈಲ್ ದಿ ಸನ್ ಶೈನ್ಸ್’ ಎಂಬುದಕ್ಕೆ ‘ಗಾಳಿ ಬಂದಾಗ ತೂರಿಕೋ’ ಎಂದರೆ ತೊಡಕಿಲ್ಲ. ಕೊಯ್ದ ಹುಲ್ಲು ಮಳೆಗೆ ಸಿಕ್ಕೀತೆಂದು ಅಂಜುವವನೂ ರೈತ, ಕಣದಲ್ಲಿ ಗಾಳಿಗೆ ಕಾದು ನಿಂತವನೂ ರೈತ.

‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’ ಎಂಬ ಗಾದೆ ಅಷ್ಟು ಸುಲಭವಲ್ಲ. ಉರುಳುವ ಕಲ್ಲಿಗೆ ಹಾವಸೆ ಕಟ್ಟದು ಎಂಬುದು ಇದರ ಪದಾರ್ಥ. 1546ರಲ್ಲಿ ಜಾನ್ ಹೇವುಡ್ ಅಚ್ಚು ಮಾಡಿಸಿದ ಗಾದೆಗಳ ಗ್ರಂಥದಲ್ಲಿ ಇದು ಉಂಟು. ನೆಲೆ ನಿಲ್ಲದವನಿಗೆ ಸಂಪತ್ತು ಕೂಡದು ಎಂಬುದು ಪಠ್ಯದ ಅರ್ಥ. ಚಲಿಸುವವನಿಗೆ ಜಡತ್ವ ಅಂಟದು ಎಂದು ಹೊಗಳಿಕೆಯಾಗಿ ಗ್ರಹಿಸುವವರೂ ಇದ್ದಾರೆ. ಸೊರಬದ ಮಳೆಗಾಲ ಕಂಡವರಿಗೆ ಹಾವಸೆಯೆಂದರೇನು? ಬಾವಿಕಟ್ಟೆಯ ಮೇಲೆ, ಕೆರೆಯ ಮೆಟ್ಟಿಲ ಮೇಲೆ ಹಬ್ಬಿ ವೃದ್ಧರ ಕಾಲು ಜಾರಿಸುವ ವಸ್ತು. ಅದನ್ನು ಸಂಪತ್ತೆಂದು ಬಗೆಯುವವರಾರು? ಅಲ್ಲಮಪ್ರಭುಗಳ ಬಳ್ಳಿಗಾವಿಯ ಸೀಮೆಯಲ್ಲಿ, ಸ್ಥಾವರಕ್ಕಿಂತ ಜಂಗಮ ಹಿರಿದೆಂದು ಕೇಳಿ ಬೆಳೆದ ಬಾಲಕನಿಗೆ ಎರಡನೆಯ ಅರ್ಥವೇ ಮೊದಲು ಹೊಳೆದರೆ ಆಶ್ಚರ್ಯವಿಲ್ಲ. ಅವನ ಅಂಕವನ್ನು ಕಳೆಯತಕ್ಕದ್ದಲ್ಲ.

ಆದರೆ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ‘ಚಾರಿಟಿ ಬಿಗಿನ್ಸ್ ಅಟ್ ಹೋಮ್’ ಎಂಬ ಮಾತು. ಇದಕ್ಕೆ ‘ಮನೆ ಗೆದ್ದು ಮಾರು ಗೆಲ್ಲು’ ಎಂದು ಜೋಡಿಸುತ್ತಾರೆ. ಗೆಲ್ಲುವುದೆಲ್ಲಿ, ಚಾರಿಟಿಯೆಲ್ಲಿ! 1611ರ ಆಂಗ್ಲ ಬೈಬಲ್ಲಿನಲ್ಲಿ ಪೌಲನ ಪತ್ರದೊಳಗೆ ಈ ಶಬ್ದ ಪ್ರೀತಿಯೆಂಬ ಅರ್ಥದಲ್ಲಿ ಬಂದಿದೆ. ಕಾಸು ಕೊಡುವುದೆಂಬ ಸಂಕುಚಿತಾರ್ಥ ಮುಖ್ಯವಾದದ್ದು ಈಚೆಗೆ. ಪ್ರೀತಿಯನ್ನು ಮನುಷ್ಯನು ಮನೆಯಲ್ಲಿ ಕಲಿಯತೊಡಗುತ್ತಾನೆ. ತೊಡಗುವುದೆಂದರೆ ಅಲ್ಲಿಯೇ ಮುಗಿಸುವುದಲ್ಲವಷ್ಟೆ. ಆದರೂ ಅನಾಥರಿಗೋ ನೆರೆಸಂತ್ರಸ್ತರಿಗೋ ಸಹಾಯ ಕೇಳಲು ಬಂದವರಿಗೆ ಸುಶಿಕ್ಷಿತ ಗೃಹಸ್ಥನು ಬಾಗಿಲಲ್ಲಿ ನಿಂತು ಈ ಗಾದೆಯನ್ನು ಹೇಳಿ ಕಳುಹಿಸುತ್ತಾನೆ. ‘ಮುಂದೆ ಹೋಗಪ್ಪ’ ಎನ್ನುವ ಹಳ್ಳಿಯ ತಾಯಿಗೆ ಒಳಗೆ ತುಸುವಾದರೂ ಅಳುಕಿರುತ್ತದೆ. ಗಾದೆ ಹೇಳಿದವನಿಗೆ ಆ ಅಳುಕೂ ಇಲ್ಲ. ಪೂರ್ವಿಕರ ವಿವೇಕವನ್ನೇ ಪಾಲಿಸಿದೆನೆಂಬ ಸಮಾಧಾನ ಅವನದು. ಇಲ್ಲದವನು ಇಲ್ಲವೆಂದರೆ ದೋಷವಿಲ್ಲ. ಉಳ್ಳವನು ಇಲ್ಲವೆನ್ನುವುದನ್ನೇ ಧರ್ಮವೆಂದು ತಿಳಿಯುವುದು ದೊಡ್ಡ ಅಪಾಯ.

ಹಾಗೆಂದು ಆ ಗಾದೆಯೇ ಸುಳ್ಳೇ? ಸಭೆಯಲ್ಲಿ ಕೊಡುಗೈ ದೊರೆಯೆನಿಸಿ ಹೆತ್ತವರನ್ನು ಹಸಿವಿಗೆ ಬಿಟ್ಟವನಿಗೆ ಅದನ್ನೇ ಹೇಳಬೇಕು. ಅಂಥವನನ್ನು ನಮ್ಮವರು ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರು. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳಿದರು ಎಂಬುದನ್ನು ಬಿಟ್ಟು ಗಾದೆಗೆ ಅರ್ಥವಿಲ್ಲ.

ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ಇಲ್ಲಿ ನೆನೆಯಬಹುದು. ಕಾಳಾಮುಖ ಯತಿಗಳ ಆ ಮಠದಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕಥೆ ಹೇಳುವವರಿಗೆ ಅನ್ನವಿತ್ತು; ಅನಾಥ ರೋಗಿಗಳಿಗೆ ಔಷಧವಿತ್ತು. ಪಾಣಿನೀಯವೇ ಮೊದಲಾದ ವ್ಯಾಕರಣಗಳ ಪಾಠವೂ ಅಲ್ಲಿಯೇ ನಡೆಯುತ್ತಿತ್ತು. ಶಬ್ದಾರ್ಥ ಕಲಿಯುವವನೂ ಹಸಿದು ಬಂದವನೂ ಒಂದೇ ಆವರಣದಲ್ಲಿದ್ದರು. ಅಲ್ಲಿಯ ಕೇದಾರೇಶ್ವರ ದೇವಾಲಯ ಇಂದಿಗೂ ನಿಂತಿದೆ. ಈ ಗಾದೆಯ ಪಾಠದ ದಿನ ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು. ಶಿಕಾರಿಪುರದಿಂದ ಬಹಳ ದೂರವೇನಲ್ಲ.