ವಿಫಲ ಭೂಖನನ ಮತ್ತು ಗೃಹಸ್ಥನ ಹೊಣೆ

ಗೃಹಸ್ಥನಾದವನು ಆರಂಭೀ ಹಿಂಸೆಯನ್ನು ಪೂರ್ಣವಾಗಿ ತೊರೆಯಲಾರನು. ಉಣ್ಣಬೇಕಾದರೆ ನೆಲವನ್ನು ಉಳಬೇಕು, ನೆರಳು ಬೇಕಾದರೆ ಪಾಯ ತೋಡಬೇಕು, ನೀರಡಿಕೆ ಹಿಂಗಬೇಕಾದರೆ ಬಾವಿ ತೆಗೆಸಬೇಕು. ಇದರಿಂದ ಪೃಥ್ವೀಕಾಯಿಕ, ಜಲಕಾಯಿಕ ಜೀವಗಳಿಗೆ ಬಾಧೆ ತಪ್ಪದೆಂಬುದನ್ನು ಬಲ್ಲ ಆಚಾರ್ಯರು ಶ್ರಾವಕನಿಗೆ ಇವನ್ನು ಸರ್ವಥಾ ನಿಷೇಧಿಸಲಿಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಕೊನೆಯದಾದ ಪ್ರಮಾದಚರ್ಯೆಯಲ್ಲಿ ನೆಲ ಜಲಗಳ ಆರಂಭವನ್ನು ಸೇರಿಸಿ, ಅದಕ್ಕೆ ‘ವಿಫಲ’ ಎಂಬ ವಿಶೇಷಣವನ್ನು ಇಟ್ಟಿದ್ದಾರೆ. ಪ್ರಯೋಜನವಿಲ್ಲದ ಅಗೆತ ದೋಷವೆಂದು ತಾತ್ಪರ್ಯ.

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ‘ಬೋರು ಫೇಲಾಯಿತು’ ಎಂಬ ಮಾತು ಕಿವಿಗೆ ಬೀಳುತ್ತದೆ. ಆಚಾರ್ಯರ ‘ವಿಫಲ’ವೂ ರೈತನ ‘ಫೇಲೂ’ ಒಂದೆಯೇ? ಮೇಲುನೋಟಕ್ಕೆ ಅಲ್ಲ. ರೈತನಿಗೆ ಪ್ರಯೋಜನದ ಉದ್ದೇಶವಿತ್ತು. ಫಲ ಮಾತ್ರ ದೊರೆಯಲಿಲ್ಲ. ಫಲ ದೊರೆಯದ ಕರ್ಮವೆಲ್ಲ ಅನರ್ಥದಂಡವಾದರೆ ಬಿತ್ತಿ ಮಳೆ ಕಾಣದ ಒಕ್ಕಲಿಗನೂ ದೋಷಿಯಾಗಬೇಕಾದೀತು. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಪ್ರಮಾದದೊಡನೆ ಗಂಟುಹಾಕಿದ್ದಾರೆ. ತಿಳಿಯುವ ಮಾರ್ಗ ಕೈಯಳತೆಯಲ್ಲಿದ್ದೂ ತಿಳಿಯದೆ ತೊಡಗಿದವನು ಪ್ರಮತ್ತನೇ. ಆದ್ದರಿಂದ ಬಾವಿ ಬತ್ತಿತೋ ಉಕ್ಕಿತೋ ಎಂಬುದಕ್ಕಿಂತ, ಅಗೆಯುವ ಮೊದಲು ಏನನ್ನು ವಿಚಾರಿಸಲಾಯಿತು ಎಂಬುದೇ ಮುಖ್ಯವಾಗುತ್ತದೆ.

ಈ ನಾಡಿನ ನೆಲದ ಗುಣವನ್ನು ಸ್ವಲ್ಪ ನೋಡಬೇಕು. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬ್ ಇದು. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿವೆ. ಕಾಲುವೆಯ ನೀರು ಮುಟ್ಟದ ಹೊಲಗಳಿಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯೇ ಗತಿ. ಮೇಲೆ ಎರೆ ಅಥವಾ ಮಸಾರಿ ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಗಟ್ಟಿ ಕಗ್ಗಲ್ಲು. ಮರಳಿನ ಪದರದಲ್ಲಿರುವಂತೆ ನೀರು ಇಲ್ಲಿ ಎಲ್ಲೆಡೆ ಹರಡಿಕೊಂಡಿಲ್ಲ. ಗರಸಿನಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನಿಂತಿದೆ. ಹತ್ತು ಮಾರು ಈಚೆ ಕೊರೆದರೆ ಧೂಳು, ಆಚೆ ಕೊರೆದರೆ ನೀರು ಎಂಬುದು ದೈವಲೀಲೆಯಲ್ಲ, ಬಿರುಕಿನ ದಿಕ್ಕು. ನೆಲಕ್ಕೆ ನಾಲ್ಕು ಸಲಾಕೆಗಳನ್ನು ನೆಟ್ಟು, ವಿದ್ಯುತ್ತನ್ನು ಹಾಯಿಸಿ, ಮಣ್ಣು ಕಲ್ಲುಗಳ ಪ್ರತಿರೋಧವನ್ನು ಅಳೆಯುವ ವಿಧಾನ ಬಹುಕಾಲದಿಂದ ರೂಢಿಯಲ್ಲಿದೆ. ಅದು ನೀರನ್ನು ತೋರಿಸಿಯೇ ತೀರುತ್ತದೆಂದಲ್ಲ. ಗರಸು ಎಷ್ಟು ಆಳದವರೆಗೆ ಇದೆ, ಕೊರೆಯುವುದು ಎಲ್ಲಿ ವ್ಯರ್ಥ ಎಂಬುದನ್ನು ತಕ್ಕಮಟ್ಟಿಗೆ ಸೂಚಿಸುತ್ತದೆ. ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿ ನೀರು ತೋರಿಸುವವರ ಮೇಲೆ ಇರುವ ನಂಬಿಕೆ ಇದರ ಮೇಲೆ ಇಲ್ಲದಿರುವುದು ಸೋಜಿಗ.

ಕೊರೆಯುವ ವ್ಯವಹಾರದ ಲೆಕ್ಕವನ್ನೂ ಗಮನಿಸಬೇಕು. ಕೂಲಿ ಅಡಿಗೆ ಇಷ್ಟು ಎಂದು. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಕೇಸಿಂಗ್ ಪೈಪಿನದು ಬೇರೆ. ನೀರು ಬಂದರೂ ಬಾರದಿದ್ದರೂ ಕೂಲಿ ತಪ್ಪದು. ಒಂದೇ ರಂಧ್ರ ರೈತನ ಖಾತೆಯಲ್ಲಿ ನಷ್ಟ, ಲಾರಿಯವನ ಖಾತೆಯಲ್ಲಿ ಜಮಾ. ಇದರಲ್ಲಿ ಅನ್ಯಾಯವಿಲ್ಲ, ಏಕೆಂದರೆ ನೀರನ್ನು ಯಾರೂ ಖಾತರಿಯಾಗಿ ಮಾರಲಾರರು. ಹಾಗೆ ಮಾರುವೆನೆನ್ನುವವನೇ ಹೆಚ್ಚು ಅಪಾಯಕಾರಿ. ಆದರೆ ಮುನ್ನೂರು ಅಡಿಗೆ ಬರೀ ಧೂಳು ಏಳುತ್ತಿರುವಾಗ ‘ಇನ್ನೂ ನೂರು ಹೋಗೋಣ’ ಎನ್ನುವವನ ಮಾತಿನಲ್ಲಿ ಅನುಭವವೆಷ್ಟು, ಅಡಿಯ ದರವೆಷ್ಟು ಎಂಬುದು ಅವನ ಆತ್ಮಕ್ಕೆ ಮಾತ್ರ ಗೊತ್ತು. ಕೊಳ್ಳುವವನು ಆಳವನ್ನು ಕಾಣಲಾರ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನಾದರೂ ನೋಡಬಹುದು. ಇಲ್ಲಿ ತಕ್ಕಡಿಯೇ ನೆಲದೊಳಗಿದೆ. ಇಳಿಸಿದ ರಾಡುಗಳನ್ನು ಎಣಿಸಿಕೊಳ್ಳದ ಮಾಲೀಕನು ಮಾರುವವನ ಬಾಯಿಯನ್ನೇ ಅಳತೆಗೋಲಾಗಿ ಒಪ್ಪಿದಂತೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದ ಪೂರ್ವಾಚಾರ್ಯರು ಕೊಳವೆಬಾವಿಯನ್ನು ಕಂಡಿರಲಿಲ್ಲ. ಆದರೂ ಹೆಚ್ಚಿಸಿ ಹೇಳಿದ ಅಡಿಗಳಿಗೆ ಮೊದಲನೆಯದೂ, ದಪ್ಪ ಪೈಪಿನ ಬೆಲೆಗೆ ತೆಳುವಾದುದನ್ನು ಇಳಿಸುವುದಕ್ಕೆ ಎರಡನೆಯದೂ ಚೆನ್ನಾಗಿಯೇ ಒಪ್ಪುತ್ತವೆ.

ಉಪಾಸಕದಶಾಂಗದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಒಡೆಯುವ ಸ್ಫೋಟಕ ಕರ್ಮವೂ ಇದೆ, ಜಲಾಶಯಗಳನ್ನು ಬತ್ತಿಸುವ ಸರಃಶೋಷಣವೂ ಇದೆ. ಇದನ್ನು ಮುಂದಿಟ್ಟುಕೊಂಡು, ಕೊರೆಯುವ ಲಾರಿ ತನ್ನದಲ್ಲವಲ್ಲಾ ಎಂದು ನಿಶ್ಚಿಂತನಾಗಿರುವ ವರ್ತಕನು ಪಂಪು, ಪೈಪು, ಕೇಬಲ್ ಮಾರುವವನೂ ಆಗಿರಬಹುದು. ಎರಡನೆಯ, ಮೂರನೆಯ ಬೋರಿಗೆ ಬಡ್ಡಿಯ ಹಣ ಕೊಟ್ಟವನೂ ಆಗಿರಬಹುದು. ಕೃತದಂತೆ ಕಾರಿತ, ಅನುಮೋದಿತಗಳಿಗೂ ಬಂಧವುಂಟೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು.

ನೀರು ಸಿಕ್ಕಿದರೂ ವಿಚಾರ ಮುಗಿಯುವುದಿಲ್ಲ. ಈ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲವೆಂದು ಭಾರತೀಯ ಮಾನಕ ಹೇಳುತ್ತದೆ. ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿಯೂ ಅದನ್ನೊಮ್ಮೆ ಪರೀಕ್ಷಿಸುವ ರೂಢಿ ಕಡಿಮೆ. ಫ್ಲೋರೈಡ್ ಬಟ್ಟೆಯ ಸೋಸುವಿಕೆಗೆ ನಿಲ್ಲುವುದಿಲ್ಲ.

ಪಾಯದ ವಿಷಯಕ್ಕೆ ಬಂದರೆ ಎರೆಮಣ್ಣು ಇನ್ನೂ ಕಠಿಣ ಪರೀಕ್ಷಕ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ಸಾಮಾನ್ಯ ಪಾಯದ ಮನೆ ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಓರೆಯಾಗಿ ಸೀಳಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ನೆಲಕ್ಕೆಂದೇ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಂಬಪಾಯವನ್ನು ಬಳಕೆಗೆ ತಂದಿತು. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಅದು ಬೇಕೋ ಬೇಡವೋ ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು. ಮಣ್ಣಿನ ಉಬ್ಬುವ ಗುಣವನ್ನು ಪ್ರಯೋಗಶಾಲೆ ಅಳೆಯುತ್ತದೆ. ನೆಲದ ಗಟ್ಟಿತನಕ್ಕೆ 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯು ಕೊನೆಯ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಎಣಿಸುವವನು ಒಬ್ಬ ಕೂಲಿಯಾಳು, ಬರೆಯುವವನು ಇನ್ನೊಬ್ಬ, ಸಹಿ ಮಾಡುವವನು ಮತ್ತೊಬ್ಬ. ಬಿಸಿಲಿನಲ್ಲಿ ಎಣಿಸದೆ, ಪಕ್ಕದ ನಿವೇಶನದ ಅಂಕಿಗಳನ್ನೇ ನಕಲು ಮಾಡಿ ಕೊಟ್ಟ ವರದಿಗೆ ಸತ್ಯಾಣುವ್ರತದ ಭಾಷೆಯಲ್ಲಿ ಕೂಟಲೇಖಕ್ರಿಯೆ ಎಂದು ಹೆಸರು. ಅಂಥ ವರದಿಯನ್ನು, ಅಗ್ಗವೆಂಬ ಕಾರಣಕ್ಕೆ, ತಿಳಿದೂ ಕೇಳಿ ಪಡೆಯುವ ಮನೆ ಮಾಲೀಕರೂ ಇದ್ದಾರೆ.

ಇಷ್ಟರಲ್ಲಿ ಅತಿ ಘೋರವಾದುದು ಬಿಟ್ಟುಹೋದ ರಂಧ್ರ. 2007ರ ಏಪ್ರಿಲ್‌ನಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕನೊಬ್ಬನು ಬದುಕಿ ಹೊರಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದ ಮಗು ಬದುಕಿ ಬಂದುದು ಅಪರೂಪದ ಪುಣ್ಯ. ಸಮಂತಭದ್ರರ ‘ವಿಫಲ’ ಇಲ್ಲಿ ಏಕೇಂದ್ರಿಯವನ್ನು ದಾಟಿ ಪಂಚೇಂದ್ರಿಯಕ್ಕೆ, ಅದೂ ಮನುಷ್ಯಶಿಶುವಿಗೆ ಮುಟ್ಟಿತು. ನೀರಿಲ್ಲವೆಂದು ಲಾರಿ ಹೊರಟ ಮೇಲೆ ಆ ರಂಧ್ರ ಯಾರದು? ಕೊರೆದವನು ತನ್ನ ಕೆಲಸ ಮುಗಿಯಿತೆನ್ನುತ್ತಾನೆ. ಸಾಲದ ಚಿಂತೆಯಲ್ಲಿರುವ ರೈತನು ಅತ್ತ ನೋಡಲೂ ಬಯಸುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ನಿರ್ದೇಶನದಂತೆ ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಕೇಸಿಂಗ್ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ತುಂಬಲು ಹೇಳಿದ ವಸ್ತುಗಳಲ್ಲಿ ಮಣ್ಣು, ಮರಳು, ಕಲ್ಲುಗಳ ಜೊತೆಗೆ ಕೊರೆಯುವಾಗ ಮೇಲೆ ಬಂದ ಪುಡಿಯೂ ಸೇರಿದೆ. ಆ ಪುಡಿ ಹೊಲದಲ್ಲಿಯೇ, ರಂಧ್ರದ ಪಕ್ಕದಲ್ಲಿಯೇ ಗುಡ್ಡೆಯಾಗಿ ಬಿದ್ದಿರುತ್ತದೆ. ಅದನ್ನು ಮರಳಿ ಒಳಗೆ ಎಳೆಯುವ ಕೂಲಿಯನ್ನು ಮಾತ್ರ ದರದ ಮಾತುಕತೆಯಲ್ಲಿ ಯಾರೂ ಎತ್ತುವುದಿಲ್ಲ.